ತೊಳೆದಷ್ಟೂ ಬರುವ ಪುಡಿ

ಬಾನೆಟ್ಟು ಎತ್ತಿ, ಸಲಾಕೆ ಕೊಟ್ಟು ನಿಲ್ಲಿಸಿ, ಒಳಗೆ ಬಗ್ಗಿ ನೋಡಿದಾಗ ಬ್ಯಾಟರಿ ಅಕ್ಕನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕಲ್ಲ. ಹೋದ ವಾರವಷ್ಟೇ ತಾನೇ ಕೈಯಾರೆ ತೊಳೆದು, ಒರೆಸಿ, ವ್ಯಾಸಲೀನ್ ಸವರಿ ಕಳಿಸಿದ ಬ್ಯಾಟರಿ ಅದು. ಈಗ ನೋಡಿದರೆ ಮೈನಸ್ ಟರ್ಮಿನಲ್ಲಿನ ಸುತ್ತ ಬಿಳಿ ಪುಡಿ ಉಬ್ಬಿಕೊಂಡಿದೆ. ಪ್ಲಸ್ ಕಡೆ ತಾಮ್ರದ ತಂತಿ ಕ್ಲ್ಯಾಂಪಿಗೆ ಸೇರುವ ಜಾಗದಲ್ಲಿ ಹಸಿರುನೀಲಿ ಬಣ್ಣದ್ದೇನೋ ಪಾಚಿಯಂತೆ ಕಟ್ಟಿಕೊಂಡಿದೆ. ಬ್ಯಾಟರಿ ಕೂರುವ ಕಬ್ಬಿಣದ ತಟ್ಟೆಯ ಒಂದು ಮೂಲೆ ಬೆರಳು ತಾಗಿದರೆ ಬಿಸ್ಕತ್ತಿನ ಹಾಗೆ ಉದುರುತ್ತಿದೆ.

"ಏನಮ್ಮಾ, ಮತ್ತೆ ಹೂ ಬಿಟ್ಟಿತಾ?" ಪಕ್ಕದ ಟೈರಂಗಡಿಯ ಮಾಮ ತನ್ನ ಸ್ಟೂಲಿನ ಮೇಲಿಂದಲೇ ಕೂಗಿದ.

"ಬಿಟ್ಟಿದೆ ಮಾಮ. ಕಿತ್ತು ಮಾಲೆ ಕಟ್ಟೋದೊಂದು ಬಾಕಿ."

"ಯಾರ ಕೊರಳಿಗೆ?"

"ಇನ್ಯಾರ ಕೊರಳಿಗೆ! ನನ್ನ ಕೊರಳಿಗೇ."

ಮಾಮ ನಕ್ಕ. ಅವನಿಗೇನು, ನಗುತ್ತಾನೆ. ಅವನಿಗೆ ತಮ್ಮಂದಿರಿಲ್ಲ.

ಅಕ್ಕನಿಗಿದ್ದಾರೆ, ಇಬ್ಬರು. ಈ ಟ್ಯಾಕ್ಸಿ ಅವರಿಬ್ಬರದು. ಹಗಲು ದೊಡ್ಡವನು ಓಡಿಸುತ್ತಾನೆ, ಕತ್ತಲಾದ ಮೇಲೆ ಚಿಕ್ಕವನು. ಒಬ್ಬನಿಂದ ಇನ್ನೊಬ್ಬನಿಗೆ ಗಾಡಿ ದಾಟುವುದು ಅಕ್ಕನ ಅಂಗಡಿಯ ಮುಂದೆಯೇ. ಗಂಡ ತೀರಿಹೋದ ಮೇಲೆ ಬ್ಯಾಟರಿ ಅಂಗಡಿಯನ್ನು ಅವಳೇ ನೋಡಿಕೊಂಡು ಬಂದಿದ್ದಾಳೆ. ಆಸಿಡ್ಡು ಸಿಡಿದು ತೂತು ಬೀಳದ ಸೀರೆ ಅವಳ ಹತ್ತಿರ ಮದುವೆಮನೆಗೆ ಉಡುವುದೊಂದೇ. ಬೀದಿಯವರೆಲ್ಲ ಅವಳನ್ನು ಬ್ಯಾಟರಿ ಅಕ್ಕ ಎನ್ನುತ್ತಾರೆ. ಅಕ್ಕ ಅನ್ನುವ ಪದವನ್ನು ದಿನಕ್ಕೆ ಅಷ್ಟು ಬಾಯಿಗಳಲ್ಲಿ ಕೇಳುವವಳಿಗೆ, ನಿಜವಾದ ತಮ್ಮಂದಿರು ಕರೆದಾಗ ಮಾತ್ರ ಓಗೊಡಲು ಮನಸ್ಸೇ ಬರುವುದಿಲ್ಲ. ಯಾಕೆಂದರೆ ಅದರ ಹಿಂದೆಯೇ ಬರುವ ಮಾತು ಗೊತ್ತು: "ಅಕ್ಕ, ಅವನಿಗೆ ಹೇಳು."

ತಮ್ಮಂದಿರು ಮಾತು ಬಿಟ್ಟಿದ್ದಾರೆ. ಯಾವುದೋ ಮಳೆಯ ದಿನ ಗಾಡಿಯ ಹಿಂದಿನ ಕಿಟಕಿ ತೆರೆದೇ ಇತ್ತು. ಸೀಟು ನೆಂದು, ಒಣಗದೆ, ಒದ್ದೆ ನಾಯಿಯ ವಾಸನೆ ಹೊಡೆದು ಗಿರಾಕಿಗಳು ಮೂಗು ಮುಚ್ಚಿಕೊಂಡು ಇಳಿದುಹೋದರು. ತೆರೆದವನು ನೀನು, ಅಲ್ಲ ನೀನು. ಇಷ್ಟೇ. ಒಂದೆರಡು ದಿನದಲ್ಲಿ ಸರಿಹೋಗುತ್ತಾರೆ ಅಂದುಕೊಂಡಳು ಅಕ್ಕ. ಆಮೇಲೆ ಒಂದೆರಡು ವಾರ ಅಂದುಕೊಂಡಳು. ಈಗ ಅಂದುಕೊಳ್ಳುವುದನ್ನೇ ಬಿಟ್ಟಿದ್ದಾಳೆ. ಬೆಳಿಗ್ಗೆ ಒಬ್ಬ ಬಂದು "ನಿನ್ನ ಆ ತಮ್ಮನಿಗೆ ಹೇಳು, ಬ್ರೇಕ್ ಒತ್ತೋವಾಗ ಸ್ವಲ್ಪ ಮೆತ್ತಗೆ" ಅನ್ನುತ್ತಾನೆ. ಸಂಜೆ ಇನ್ನೊಬ್ಬ ಬಂದು "ನಿನ್ನ ಆ ತಮ್ಮನಿಗೆ ಹೇಳು, ಬ್ರೇಕ್ ಇರೋದೇ ಒತ್ತೋಕೆ" ಅನ್ನುತ್ತಾನೆ. ಇನ್ನೊಬ್ಬ ತನ್ನ ಒಡಹುಟ್ಟಿದವನಲ್ಲ, ಅಕ್ಕನ ಹತ್ತಿರ ಯಾರೋ ಸಾಕಲು ಬಿಟ್ಟುಹೋದವನು ಅನ್ನುವ ಹಾಗೆ.

ಮಾಮ ಒಮ್ಮೆ, "ನೀನೀಗ ಇಬ್ಬರ ಮಧ್ಯದ ವೈರ್ ಆಗಿಬಿಟ್ಟೆ ಕಣಮ್ಮಾ" ಅಂದಿದ್ದ.

"ವೈರ್‌ಗಾದ್ರೂ ಮೇಲೆ ರಬ್ಬರ್ ಇರುತ್ತೆ ಮಾಮ" ಅಂದಿದ್ದಳು ಅಕ್ಕ.

ಇವತ್ತು ಬೆಳಿಗ್ಗೆ ಚಿಕ್ಕವನು ಗಾಡಿ ತಂದು ನಿಲ್ಲಿಸಿ ಮನೆಗೆ ಮಲಗಲು ಹೋದ. ದೊಡ್ಡವನು ಬಂದು ಕೀ ತಿರುಗಿಸಿದ. ಇಂಜಿನ್ನು ಮುದುಕನ ಗಂಟಲಿನ ಹಾಗೆ ಒಂದು ಸಲ ಕೆರೆದು ಸುಮ್ಮನಾಯಿತು. ಮತ್ತೆ ತಿರುಗಿಸಿದರೆ ಬರೀ ಟಿಕ್ ಅನ್ನುವ ಸದ್ದು. ದೊಡ್ಡವನು ಇಳಿದು, ಬಾಗಿಲನ್ನು ಜೋರಾಗಿ ಹಾಕಿ, ಅಕ್ಕನ ಮುಂದೆ ಬಂದು ನಿಂತ.

"ಸಾಕಾಯ್ತು. ಮಾರಿಬಿಡ್ತೀನಿ."

"ಏನನ್ನ?"

"ಗಾಡೀನ. ಬ್ರೋಕರಿಗೆ ನಿನ್ನೇನೇ ಹೇಳಿದ್ದೆ. ಮಧ್ಯಾಹ್ನದೊಳಗೆ ಬರ್ತಾನೆ. ಬಂದ ದುಡ್ಡಲ್ಲಿ ಅರ್ಧ ನಿನ್ನ ತಮ್ಮನ ಮುಖಕ್ಕೆ ಬಿಸಾಕಿ, ನನ್ನ ದಾರಿ ನಾನು ನೋಡ್ಕೋತೀನಿ. ನೋಡ್ಕೊಳ್ಳದೇ ಇರೋನ ಜೊತೆ ಒಂದು ಗಾಡಿ ಇಟ್ಕೊಂಡು ನನಗೆ ಆಗಲ್ಲ. ಒಂದು ಬ್ಯಾಟರಿ ನೆಟ್ಟಗೆ ಇಟ್ಕೊಳ್ಳೋ ಯೋಗ್ಯತೆ ಇಲ್ಲ ಅವನಿಗೆ. ಹೇಳು ಅವನಿಗೆ."

"ನೀನೇ ಹೇಳೋ ಮಾರಾಯ."

"ನಾನು ಅವನ ಜೊತೆ ಮಾತಾಡಲ್ಲ ಅಂತ ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಗಾಡಿ ಮಾರಿದರೆ ಏನಾಗುತ್ತದೆ ಅನ್ನುವುದೂ ಗೊತ್ತಿತ್ತು. ಅರ್ಧ ದುಡ್ಡಿಗೆ ಯಾರಿಗೂ ಗಾಡಿ ಬರುವುದಿಲ್ಲ; ಇಬ್ಬರೂ ಯಾರದೋ ಗಾಡಿಗೆ ಡ್ರೈವರುಗಳಾಗಿ, ಯಾರದೋ ಬೈಗುಳ ತಿನ್ನುತ್ತಾರೆ. ಈಗ ದಿನಕ್ಕೆರಡು ಸಲವಾದರೂ ಒಂದೇ ಅಂಗಡಿಗೆ ಬರುತ್ತಾರೆ, ಮುಖ ತಿರುಗಿಸಿಕೊಂಡಾದರೂ ಬರುತ್ತಾರೆ. ಈ ಗಾಡಿಯೂ ಹೋದರೆ ಆ ಇಬ್ಬರನ್ನು ಒಂದೇ ಜಾಗಕ್ಕೆ ತರುವುದಕ್ಕೆ ಇನ್ನೇನೂ ಉಳಿಯುವುದಿಲ್ಲ. ಇದು ಅಕ್ಕನ ಭಯ. ಅದರ ಪಕ್ಕದಲ್ಲೇ, ಹೇಳಿಕೊಳ್ಳಲು ನಾಚಿಕೆಯಾಗುವ ಇನ್ನೊಂದು ಯೋಚನೆಯೂ ಇತ್ತು: ಹೋದರೆ ಹೋಗಲಿ, ಒಂದು ಮಧ್ಯಾಹ್ನವಾದರೂ ಯಾರ ಮಾತನ್ನೂ ಯಾರಿಗೂ ಹೊತ್ತು ಹಾಕದೆ ಕಾಲು ಚಾಚಿ ಕೂತೇನು.

ಚಿಕ್ಕವನಿಗೆ ಫೋನು ಮಾಡಿದಳು. ನಿದ್ದೆಗಣ್ಣಲ್ಲಿ ಎತ್ತಿಕೊಂಡ ಅವನು ಎಲ್ಲ ಕೇಳಿಸಿಕೊಂಡು, "ಮಾರಲಿ. ಅವನಿಗೆ ಹೇಳು, ನಾನೇ ಮೊದಲು ಮಾರಬೇಕು ಅಂತಿದ್ದೆ ಅಂತ. ಬ್ಯಾಟರಿ ಸಾಯಿಸ್ತಿರೋದು ಅವನು. ಹಗಲೆಲ್ಲ ಏಸಿ ಹಾಕ್ಕೊಂಡು, ರೇಡಿಯೋ ಹಾಕ್ಕೊಂಡು... ಬರ್ತಿದೀನಿ ಇರು" ಅಂದ.

ಅಕ್ಕ ಫೋನು ಇಟ್ಟು ಒಲೆಯ ಮೇಲೆ ನೀರಿಟ್ಟಳು. ಮಾರುವುದಾದರೂ ತೊಳೆದು ಮಾರಬೇಕಲ್ಲ. ಯಾರದೋ ಕಣ್ಣಿಗೆ ಇಷ್ಟು ಹೊಲಸಾಗಿ ಬೀಳಲು ಇದೇನು ಹೆತ್ತವರಿಲ್ಲದ ಗಾಡಿಯೇ?

ಮೊದಲು ಮೈನಸ್ ಬಿಚ್ಚಿದಳು, ಆಮೇಲೆ ಪ್ಲಸ್. ಮೊದಲು ಪ್ಲಸ್ ಬಿಚ್ಚಲು ಹೋಗಿ, ಸ್ಪಾನರು ಗಾಡಿಯ ಮೈಗೆ ತಾಗಿ ಕಿಡಿ ಹಾರಿಸಿಕೊಂಡವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಕ್ಲ್ಯಾಂಪು ಅಂಟಿಕೊಂಡು ಬರಲೊಲ್ಲೆ ಅಂದಿತು. ಬಡಿಯಲಿಲ್ಲ; ಬಡಿದರೆ ಟರ್ಮಿನಲ್ಲಿನ ಸೀಸದ ಕಂಬವೇ ಅಲುಗಾಡುತ್ತದೆ. ಅತ್ತಿತ್ತ ಮೆಲ್ಲಗೆ ತಿರುಗಿಸಿ, ಮಗುವಿನ ಬಾಯಿಂದ ಚಮಚ ಬಿಡಿಸಿದಂತೆ ಬಿಡಿಸಿದಳು. ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಕಲಸಿದಳು. ಮೇಲಿನ ಮುಚ್ಚಳಗಳೆಲ್ಲ ಬಿಗಿಯಾಗಿವೆಯೇ ಎಂದು ಬೆರಳಿಂದ ಒತ್ತಿ ನೋಡಿದಳು, ಅವುಗಳ ಸಣ್ಣ ಗಾಳಿತೂತುಗಳ ಮೇಲೆ ಟೇಪು ಅಂಟಿಸಿದಳು. ಸೋಡಾ ನೀರು ಹೊರಗಿನ ಆಸಿಡ್ಡಿಗೆ ಎಷ್ಟು ಒಳ್ಳೆಯದೋ ಒಳಗಿನ ಆಸಿಡ್ಡಿಗೆ ಅಷ್ಟು ಕೆಟ್ಟದ್ದು.

ಸುರಿದಾಗ ಬುಸುಬುಸು ನೊರೆ ಎದ್ದಿತು. ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಮೂಲೆಮೂಲೆ ತಿಕ್ಕಿದಳು. ಕ್ಲ್ಯಾಂಪಿನ ಒಳಮೈಯನ್ನು ವೈರ್ ಬ್ರಶ್ಶಿನಲ್ಲಿ ಉಜ್ಜಿ ಹೊಳೆಯಿಸಿದಳು. ಎಷ್ಟು ಸಲ ಈ ಬ್ಯಾಟರಿಗೆ ಈ ಸೇವೆ ಮಾಡಿದ್ದಾಳೋ! ಒಮ್ಮೆ ಕ್ಲ್ಯಾಂಪು ಬದಲಿಸಿದ್ದಳು, ಇನ್ನೊಮ್ಮೆ ಪುಡಿ ತಡೆಯಲು ಕೆಳಗೆ ಫೆಲ್ಟು ಬಟ್ಟೆಯ ಬಳೆ ಹಾಕಿದ್ದಳು, ಮತ್ತೊಮ್ಮೆ ಚಾರ್ಜು ಹೆಚ್ಚು ಹೋಗುತ್ತಿದೆಯೇನೋ ಎಂದು ಮೀಟರು ಹಿಡಿದು ನೋಡಿದ್ದಳು. ಅದೂ ಸರಿಯಿತ್ತು. ಆದರೂ ಎಲ್ಲಿಂದಲೋ ಬರುತ್ತದೆ ಈ ಪುಡಿ, ತೊಳೆದಷ್ಟೂ ಬರುತ್ತದೆ.

ನೊರೆ ಅಡಗಿದ ಮೇಲೆ ತಣ್ಣೀರು ಹಾಕಿ ಒರೆಸಿದಳು. ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿದಳು. ಟೇಪು ಕಿತ್ತಾಗ ಬ್ಯಾಟರಿಯ ನೆತ್ತಿ ಒಣಗಿಯೇ ಇತ್ತು. ಅಷ್ಟರಲ್ಲಿ ದೊಡ್ಡವನು ಸುಮ್ಮನೆ ನಿಲ್ಲಲಾರದೆ, ಗಾಡಿಯ ಮೂತಿ ಹಿಡಿದು ಮಾಮನಿಗೆ ಹೇಳಿಕೊಳ್ಳುತ್ತಾ ಜೋರಾಗಿ ಒಮ್ಮೆ ಅಲುಗಿಸಿದ, "ಇಂಥಾ ಗಾಡಿ ಮಾಮ, ಇಂಥಾ ಗಾಡೀನ..." ಎಂದು.

ಅಕ್ಕ ನೋಡುತ್ತಿದ್ದಂತೆಯೇ ಮಧ್ಯದ ಮುಚ್ಚಳದ ಗಾಳಿತೂತಿನಿಂದ ಒಂದು ಹನಿ ಮೇಲೆ ಬಂತು. ಕಣ್ಣೀರಿನಷ್ಟು ಸಣ್ಣ ಹನಿ. ಉಬ್ಬಿ, ಒಡೆದು, ಮೈನಸ್ ಕಂಬದ ಕಡೆಗೆ ಹರಿಯಿತು.

ಅವಳು ಬಟ್ಟೆ ಪಕ್ಕಕ್ಕಿಟ್ಟಳು. ಆಮೇಲೆ ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ ತೆಗೆದಳು.

ಮುಚ್ಚಳಗಳ ಕೆಳಗಿನ ಆಸಿಡ್ಡಿನ ಬಾವಿಗಳು ಆರೂ ತುಂಬಿ ತುಳುಕುತ್ತಿದ್ದವು. ಒಳಗಿನ ಸೀಸದ ಪ್ಲೇಟುಗಳು ಮುಳುಗಿ ಅವುಗಳ ಮೇಲೆ ಬೆರಳಗಲ ನೀರಿದ್ದರೆ ಬೇಕಾದಷ್ಟಾಯಿತು. ಇಲ್ಲಿ ಕತ್ತಿನವರೆಗೆ, ಬಾಯಿಯ ಅಂಚಿನವರೆಗೆ ನೀರು. ಗಾಡಿ ಓಡಿ ಬಿಸಿಯಾದರೆ ಉಬ್ಬಿ ಹೊರಗೆ ಬಾರದೆ ಇನ್ನೆಲ್ಲಿಗೆ ಹೋದೀತು! ಆಸಿಡ್ಡಿನ ತೂಕ ನೋಡುವ ಗಾಜಿನ ಕೊಳವೆಯ ಹೈಡ್ರೋಮೀಟರು ಅದ್ದಿ ಸ್ವಲ್ಪ ಎಳೆದಳು. ಒಳಗಿನ ತೇಲುಕಡ್ಡಿ ತೇಲಲಿಲ್ಲ, ಮುಳುಗಿ ಕೂತಿತು. ಒಳಗಿದ್ದ ಆಸಿಡ್ಡೆಲ್ಲ ಹೊರಗೆ ಹರಿದು ಟರ್ಮಿನಲ್ಲು ತಿಂದು, ತಟ್ಟೆ ತಿಂದು, ಒಳಗೆ ಉಳಿದದ್ದು ಹೆಚ್ಚುಕಡಿಮೆ ಬರೀ ನೀರು.

ಒಂದು ಸಲವೂ ಇದನ್ನು ತೆರೆದು ನೋಡಿರಲಿಲ್ಲ ಅವಳು. ತೊಳೆಯುವಾಗ ಮುಚ್ಚಳ ತೆರೆಯುವಂತಿಲ್ಲ. ತೊಳೆಯದಾಗ, "ನೀರು ನೋಡಿದ್ಯೇನೋ?" ಎಂದು ಕೇಳಿದರೆ ಎದುರಿಗಿದ್ದವನು, ಅವನು ಯಾವ ತಮ್ಮನೇ ಆಗಲಿ, "ನೀರಿನ ಮಾತು ನನಗೆ ಬಿಡು ಅಕ್ಕ, ಅದು ನನ್ನ ಜವಾಬ್ದಾರಿ" ಅನ್ನುತ್ತಿದ್ದ. ಒಬ್ಬ ತಮ್ಮ ಒಂದು ವಿಷಯದಲ್ಲಾದರೂ ಜವಾಬ್ದಾರಿ ಅಂದನಲ್ಲ ಎಂದು ಅವಳಿಗೆ ಅಷ್ಟಕ್ಕೇ ಸಮಾಧಾನ.

"ಲೇ, ಇಲ್ಲಿ ಬಾ" ಎಂದು ದೊಡ್ಡವನನ್ನು ಕರೆದಳು. "ಇದಕ್ಕೆ ನೀರು ಹಾಕೋರು ಯಾರು?"

"ಇನ್ಯಾರು, ನಾನೇ. ನಿನ್ನ ತಮ್ಮ ಹಾಕ್ತಾನಾ?"

"ಎಷ್ಟು ಹಾಕ್ತೀಯ?"

"ತುಂಬಾ ಹಾಕ್ತೀನಿ. ಬೆಳಿಗ್ಗೆ ಗಾಡಿ ತಗೊಂಡು ಸ್ಟ್ಯಾಂಡಿಗೆ ಹೋದ ತಕ್ಷಣ, ಮೊದಲ ಗಿರಾಕಿಗೆ ಮುಂಚೆ. ಅವನು ರಾತ್ರಿಯೆಲ್ಲ ಒಂದು ಸಲಾನೂ ಬಾನೆಟ್ ಎತ್ತಲ್ಲ ಅಂತ ಗೊತ್ತು ನನಗೆ. ಅದಕ್ಕೇ ಅವನ ಪಾಲಿಂದೂ ಸೇರಿಸಿ ನಾನೇ ಹಾಕ್ತೀನಿ. ಒಣಗಿ ಸಾಯಬಾರದಲ್ಲ ಪಾಪ."

ಅಕ್ಕ ಗೋಡೆಯ ಕಡೆಗಿದ್ದ ಖಾಲಿ ಪೆಟ್ಟಿಗೆ ಎಳೆದು ಕೂತಳು. ಅವನಿಗೆ ಹಾಗೆಂದು ಹೇಳಿಕೊಟ್ಟವಳು ತಾನೇ. "ಅವನನ್ನ ನಂಬ್ಕೊಂಡು ಕೂರಬೇಡ, ನೀರು ನೀನು ನೋಡ್ಕೋ" ಎಂದು ಒಂದು ದಿನ ಸಾಕಾಗಿ ಹೇಳಿದ್ದಳು. ಅದೇ ದಿನವೋ, ಮರುದಿನವೋ, ಅದೇ ಸಾಕಾದ ದನಿಯಲ್ಲಿ ಅದೇ ಮಾತನ್ನು ಇನ್ನೊಬ್ಬನಿಗೂ ಹೇಳಿದ್ದಳು.

ಅಷ್ಟರಲ್ಲಿ ಚಿಕ್ಕವನು ಬಂದ. ಕಣ್ಣು ಊದಿಕೊಂಡಿತ್ತು, ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದ. ಅಣ್ಣನ ಕಡೆ ನೋಡದೆ ನೇರ ಅಕ್ಕನ ಹತ್ತಿರ ಬಂದು, "ಎಲ್ಲಿ ಬ್ರೋಕರು?" ಅಂದ.

"ಬರ್ತಾನೆ. ನೀನು ಮೊದಲು ಹೇಳು, ಬ್ಯಾಟರಿಗೆ ನೀರು ಹಾಕ್ತೀಯಾ?"

"ಹಾಕದೆ? ದಿನಾ ಸಂಜೆ, ಆ ಮೂಲೇಲಿ ನಿಲ್ಲಿಸ್ಕೊಂಡು. ಹಗಲು ಅವನು ಹಾಕಲ್ಲ ಅಂತ ನೀನೇ ಹೇಳಿದ್ದಲ್ಲ."

"ನಾನು ಹಾಗೆ ಹೇಳಲಿಲ್ಲ ಕಣೋ. ಅವನನ್ನ ನಂಬಬೇಡ ಅಂದೆ."

"ಎರಡೂ ಒಂದೇ. ಅದಕ್ಕೆ ಮಾರನೇ ದಿನಕ್ಕೂ ಇರಲಿ ಅಂತ ಬಾಯಿ ಮಟ್ಟ ತುಂಬಿಸಿ ಇಡ್ತೀನಿ. ಸ್ವಲ್ಪ ಚೆಲ್ಲುತ್ತೆ, ಚೆಲ್ಲಲಿ, ಕಮ್ಮಿಗಿಂತ ಹೆಚ್ಚು ವಾಸಿ ಅಲ್ವಾ?"

ಟೈರಂಗಡಿಯ ಮಾಮ ಅಷ್ಟು ದೂರದಿಂದಲೇ ಕಿವಿಗೊಟ್ಟಿದ್ದ. ಅವನಿಗೆ ಎಲ್ಲರಿಗಿಂತ ಮೊದಲು ತಿಳಿಯಿತು. ತೊಡೆ ತಟ್ಟಿ, "ಅಯ್ಯೋ ನಿಮ್ಮ! ಒಂದು ಕೂಸಿಗೆ ಇಬ್ಬರು ಹಾಲು ಕುಡಿಸಿ ವಾಂತಿ ಮಾಡಿಸಿದ್ದೀರಲ್ರೋ!" ಅಂದ.

ಇಬ್ಬರೂ ಮಾಮನ ಕಡೆ ನೋಡಿದರು. ಆಮೇಲೆ ಬ್ಯಾಟರಿಯ ಕಡೆ. ಒಬ್ಬರನ್ನೊಬ್ಬರು ಮಾತ್ರ ನೋಡಲಿಲ್ಲ.

ಅಕ್ಕ ಕೂತಲ್ಲಿಂದಲೇ ಹೇಳಿದಳು. ದನಿಯಲ್ಲಿ ಬೈಗುಳವಿರಲಿಲ್ಲ; ಬೈಯಲು ತ್ರಾಣವಿರಲಿಲ್ಲ. "ಯಾರೂ ನೋಡ್ಕೊಳ್ಳದೆ ಕೆಟ್ಟಿದ್ದಲ್ಲ ಇದು. ಇಬ್ಬರೂ ನೋಡ್ಕೊಂಡು ಕೆಟ್ಟಿದ್ದು. ನೀರು ಹೆಚ್ಚಾಗಿ ಆಸಿಡ್ ಉಕ್ಕಿ ಬಂದಿದೆ. ಬಂದಿದ್ದೇ ಪುಡಿ ಆಗ್ತಿತ್ತು. ನಾನು ಹೊರಗಿಂದ ತೊಳೀತಿದ್ದೆ, ನೀವು ಒಳಗಿಂದ ಕೊಡ್ತಿದ್ರಿ. ಆ ಮಾತು ನಿಮ್ಮಿಬ್ಬರಿಗೂ ಹೇಳಿದ್ದು ನಾನು. ಬಯ್ಯೋದಾದ್ರೆ ನನ್ನ ಬಯ್ರಿ."

ಅದಕ್ಕೂ ಹೊತ್ತಿರಲಿಲ್ಲ. ಬ್ರೋಕರು ಸ್ಕೂಟರಿನಲ್ಲಿ ಬಂದೇಬಿಟ್ಟ. ತಲೆಗೂದಲಿಗಿಂತ ಮಾತು ಹೆಚ್ಚಿಗೆ ಬಾಚಿಕೊಂಡ ಮನುಷ್ಯ. ಗಾಡಿಯ ಸುತ್ತ ಒಂದು ಸುತ್ತು ಬಂದ, ಟೈರು ಒದ್ದ, ಬಾಗಿಲು ತೆಗೆದು ಮೂಸಿದ, ಕೊನೆಗೆ ತೆರೆದ ಬಾನೆಟ್ಟಿನೊಳಗೆ ತಲೆ ಹಾಕಿದ.

"ಬ್ಯಾಟರಿ ಬಿಚ್ಚಿಟ್ಟಿದ್ದೀರಾ! ಸ್ಟಾರ್ಟಾಗಲ್ಲ ಅನ್ನಿ."

"ಚಾರ್ಜಿಗೆ ಹಾಕಬೇಕು" ಅಂದಳು ಅಕ್ಕ.

"ಅದನ್ನ ಎಲ್ಲರೂ ಹೇಳ್ತಾರಮ್ಮಾ." ಬೆರಳು ತೂರಿಸಿ ತಟ್ಟೆಯ ಮೂಲೆ ಮುರಿದು, ಅಂಗೈ ಮೇಲೆ ಇಟ್ಟುಕೊಂಡು ತೋರಿಸಿದ. "ನೋಡಿ. ಇದು ನೋಡಿದ ಮೇಲೆ ಇನ್ನೇನೂ ನೋಡಬೇಕಾಗಿಲ್ಲ. ನಾನು ಈ ಕಸುಬಲ್ಲಿ ತಲೆ ಬೋಳು ಮಾಡ್ಕೊಂಡಿದ್ದೀನಿ. ಇದು ನೋಡ್ಕೊಳ್ಳೋರಿಲ್ಲದ ಗಾಡಿ. ಇಬ್ಬರು ಓಡಿಸೋ ಗಾಡಿ ಅಂದ್ರೆ ಹಿಂಗೇ. ಅವನು ಮಾಡ್ತಾನೆ ಅಂತ ಇವನು, ಇವನು ಮಾಡ್ತಾನೆ ಅಂತ ಅವನು. ಕೊನೆಗೆ ಯಾರೂ ಮಾಡಲ್ಲ. ಗುಜರಿ ರೇಟಿಗೆ ಒಂಚೂರು ಮೇಲೆ ಹಾಕಿ ಕೊಡ್ತೀನಿ, ಆಗುತ್ತಾ?"

ದೊಡ್ಡವನ ಕತ್ತು ಕೆಂಪಾಯಿತು. ಇಷ್ಟು ದಿನ ತಾನು ತಮ್ಮನ ಬಗ್ಗೆ ಹೇಳುತ್ತ ಬಂದ ಮಾತನ್ನೇ ಬೇರೊಬ್ಬನ ಬಾಯಲ್ಲಿ ಕೇಳಿದ್ದ.

"ಯಾರೂ ಮಾಡಲ್ಲ ಅಂತ ನಿಮಗೆ ಹೇಳಿದ್ಯಾರು?"

"ಹೇಳೋದೇನು, ಕಾಣಿಸ್ತಿದೆಯಲ್ಲ."

"ಏನು ಕಾಣಿಸ್ತಿದೆ? ನೀರು ಹೆಚ್ಚಾಗಿದೆ. ಅಷ್ಟೇ. ನೋಡ್ಕೊಂಡಿದ್ದು ಹೆಚ್ಚಾಗಿದೆ!"

ಬ್ರೋಕರು ನಕ್ಕ. "ಹಿಂಗೊಂದು ಕಥೆ ನಾನು ಕೇಳೇ ಇಲ್ಲ ಸ್ವಾಮಿ. ನೋಡ್ಕೊಂಡು ಕೆಟ್ಟ ಗಾಡಿಯಂತೆ!"

"ನಗಬೇಡಿ ನೀವು" ಅಂದ ಚಿಕ್ಕವನು. ಮುಂದೆ ಬಂದು ಬ್ರೋಕರಿಗೂ ಬ್ಯಾಟರಿಗೂ ನಡುವೆ ನಿಂತ. ತಪ್ಪಿ ಹಾಕಿದ ಗುಂಡಿಯಿಂದಾಗಿ ಒಂದು ಭುಜ ಮೇಲಿದ್ದಂತೆ ಕಾಣುತ್ತಿತ್ತು. "ದಿನಾ ಬಾನೆಟ್ ಎತ್ತಿದ್ದೀವಿ. ಹಗಲೂ ಎತ್ತಿದ್ದೀವಿ, ರಾತ್ರಿನೂ ಎತ್ತಿದ್ದೀವಿ. ಅಣ್ಣ, ಇವನಿಗೆ ಕೊಡೋದಾ ನಮ್ಮ ಗಾಡಿ?"

"ಯಾರು ಕೊಡ್ತಿದಾರೋ?" ಅಂದ ದೊಡ್ಡವನು. "ನಾನು ನೋಡೋಕೆ ಬಾ ಅಂದಿದ್ದೆ. ನೋಡಾಯ್ತಲ್ಲ."

ಬ್ರೋಕರು ಇಬ್ಬರ ಮುಖವನ್ನೂ ನೋಡಿ, ಕೈಯಲ್ಲಿದ್ದ ತುಕ್ಕಿನ ಚೂರನ್ನು ಬಿಸಾಡಿ, ಕರ್ಚೀಫಿನಲ್ಲಿ ಬೆರಳು ಒರೆಸಿಕೊಂಡ. "ನನ್ನ ಪೆಟ್ರೋಲು ದಂಡ" ಎಂದು ಯಾರಿಗೂ ಅಲ್ಲದಂತೆ ಹೇಳಿ ಸ್ಕೂಟರು ಒದ್ದು ಹೋದ.

ಚಿಕ್ಕವನ ಬಾಯಲ್ಲಿ ಬಂದ "ಅಣ್ಣ" ಅನ್ನುವುದನ್ನು ಅಕ್ಕ ಕೇಳಿದಳು. ಕೇಳಿ ಹಿಗ್ಗಬೇಕಾಗಿತ್ತು, ಮೈ ಹಿಗ್ಗಲಿಲ್ಲ. ಹೈಡ್ರೋಮೀಟರಿನ ರಬ್ಬರ್ ಗುಳ್ಳೆ ಒತ್ತಿ ಒತ್ತಿ ಒಂದೊಂದು ಬಾವಿಯಿಂದಲೂ ಹೆಚ್ಚಿನ ನೀರನ್ನು ಎಳೆದು ಗಾಜಿನ ಬಾಟಲಿಗೆ ಬಿಡತೊಡಗಿದಳು. ಪ್ಲೇಟಿನ ಮೇಲೆ ಬೆರಳಗಲ ಉಳಿಸಿ, ಬ್ಯಾಟರಿಯನ್ನು ಎತ್ತಲು ಹೋದಾಗ ತಮ್ಮಂದಿರಿಬ್ಬರೂ ಒಟ್ಟಿಗೇ ಕೈ ಹಾಕಿದರು. ಒಟ್ಟಿಗೇ ಬಿಟ್ಟರು. ಕೊನೆಗೆ ದೊಡ್ಡವನು ಎತ್ತಿ ಒಳಗೆ ಚಾರ್ಜರಿನ ಹತ್ತಿರ ಇಟ್ಟ. ಅವಳು ಕ್ಲಿಪ್ಪು ಹಾಕಿದಳು, ಮುಚ್ಚಳಗಳನ್ನು ಸಡಿಲವಾಗಿ ಕೂರಿಸಿದಳು.

"ಬದುಕುತ್ತಾ?" ಅಂದ ಚಿಕ್ಕವನು.

"ಸಂಜೆಗೆ ಗೊತ್ತಾಗುತ್ತೆ. ಆಸಿಡ್ ತೂಕ ಏರಿದ್ರೆ ಇನ್ನೊಂದಿಷ್ಟು ದಿನ ನಡೆಯುತ್ತೆ. ಏರದಿದ್ರೆ ಹೊಸದು ಹಾಕಬೇಕು. ತಟ್ಟೆಗೆ ಬಣ್ಣ ಬಳೀಬೇಕು. ಟರ್ಮಿನಲ್ಲು ಬಿಗಿ ಮಾಡಿದ ಮೇಲೇ ವ್ಯಾಸಲೀನು, ಮೊದಲೇ ಬಳಿದು ಆಮೇಲೆ ಕೂರಿಸಬೇಡಿ. ಇನ್ನು ಮೇಲೆ ನೀರು ಒಬ್ಬರೇ ಹಾಕಿ. ತಿಂಗಳಿಗೊಂದು ಸಲ ನೋಡಿದ್ರೆ ಸಾಕು."

"ನಾನು ಹಾಕ್ತೀನಿ" ಅಂದ ದೊಡ್ಡವನು.

"ನೀನ್ಯಾಕೆ? ನಾನು ಹಾಕ್ತೀನಿ" ಅಂದ ಚಿಕ್ಕವನು. "ಬೆಳಿಗ್ಗೆ ಹೊತ್ತು ನಿನಗೆ ಗಿರಾಕಿ ಗಡಿಬಿಡಿ. ಅಂದಾಜಲ್ಲಿ ಸುರೀತೀಯ."

"ಲೋ, ಅಂದಾಜಲ್ಲಿ ಸುರಿಯೋನು ನೀನು. ಚೆಲ್ಲಿದ್ರೆ ಚೆಲ್ಲಲಿ ಅಂದೋನು ಯಾರು ಈಗ?"

"ಅವನ ಪಾಲಿಂದೂ ಸೇರಿಸಿ ಹಾಕ್ತೀನಿ ಅಂದೋನು ಯಾರು? ಮಾಮ ಎಲ್ಲ ಕೇಳಿಸ್ಕೊಂಡಿದಾನೆ, ಕೇಳ್ಲಾ?"

"ನನ್ನ ಮಧ್ಯಕ್ಕೆ ಎಳೀಬೇಡ್ರಪ್ಪ" ಎಂದು ಮಾಮ ತನ್ನ ಟ್ಯೂಬಿನ ಮೇಲೆ ಬಗ್ಗಿದ. "ಆ ಕೆಲಸಕ್ಕೆ ನಿಮ್ಮಕ್ಕ ಇದಾಳೆ."

ಅಕ್ಕ ಹಿತ್ತಲ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು. ಬೆರಳಸಂದಿಯಲ್ಲಿ ಎಲ್ಲೋ ಸಣ್ಣ ಗಾಯಕ್ಕೆ ಆಸಿಡ್ಡು ತಾಗಿ ಚುರುಚುರು ಅನ್ನುತ್ತಿತ್ತು. ಒಳಗೆ ಬಂದು, ಅಂಗಡಿಯ ಮೂಲೆಯಲ್ಲಿದ್ದ ಗಂಡನ ಕಾಲದ ಈಜಿಚೇರಿನ ಮೇಲಿಂದ ವೈರಿನ ಸುರುಳಿಗಳನ್ನೆತ್ತಿ ಕೆಳಗಿಟ್ಟು ಕೂತಳು. ಆ ಕುರ್ಚಿಯಲ್ಲಿ ಸಾಮಾನು ಕೂರುತ್ತಿತ್ತೇ ಹೊರತು ಅವಳು ಹಗಲು ಹೊತ್ತು ಕೂತದ್ದು ಯಾವಾಗಲೋ. ಕಾಲು ಚಾಚಿದಳು. ಚಾರ್ಜರು ಗುಂಯ್ ಎನ್ನುತ್ತಿತ್ತು. ಹೊರಗೆ ದನಿಗಳು ಏರುತ್ತಿದ್ದವು.

"...ಹೋದ ತಿಂಗಳು ಹೆಡ್‌ಲೈಟ್ ಆರಿಸದೆ ಬಿಟ್ಟೋನು ನೀನು."

"ಅದು ಒಂದು ದಿನ. ನೀನು ಡಿಕ್ಕಿ ಲೈಟು..."

"ಡಿಕ್ಕಿ ಲೈಟಿಂದ ಬ್ಯಾಟರಿ ಹೋಗುತ್ತಾ? ಅಕ್ಕ! ಅಕ್ಕ, ಅವನಿಗೆ ಹೇಳು!"

ಅಕ್ಕ ಕಣ್ಣು ಮುಚ್ಚಿದಳು. ಡಿಕ್ಕಿಯ ದೀಪಕ್ಕೆ ಬ್ಯಾಟರಿ ಹೋಗುತ್ತದೆ, ರಾತ್ರಿಯಿಡೀ ಉರಿದರೆ ಖಂಡಿತ ಹೋಗುತ್ತದೆ. ಅದು ಅವಳಿಗೆ ಗೊತ್ತಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಅವಳು ಹೇಳಲಿಲ್ಲ.

ದೊಡ್ಡವನು ಬಾಗಿಲಲ್ಲಿ ಇಣುಕಿದ. ಅವನ ನೆರಳು ಮುಚ್ಚಿದ ರೆಪ್ಪೆಯ ಮೇಲೆ ಬಿದ್ದು ಅಲ್ಲೇ ನಿಂತಿತು. ಅವಳು ಉಸಿರನ್ನು ಉದ್ದಕ್ಕೆ ಬಿಟ್ಟಳು.

"ಮಲಗಿಬಿಟ್ಟಳಾ?" ಹಿಂದಿನಿಂದ ಚಿಕ್ಕವನ ದನಿ ಈಗ ತಗ್ಗಿತ್ತು.

"ಹೂಂ."

"ಮಲಗಲಿ ಬಿಡು. ಏನು ಹೇಳಬೇಕೋ ನೀನೇ ಹೇಳು."

ನೆರಳು ಹಿಂದೆ ಸರಿಯಿತು. ಹೊರಗೆ ಬಾನೆಟ್ಟಿನ ಸಲಾಕೆ ಇಳಿಸಿದ ಸದ್ದು, ಇಬ್ಬರೂ ಗಾಡಿಯ ಮೂತಿಗೆ ಒರಗಿದ ಸದ್ದು. ದೊಡ್ಡವನು ಗಂಟಲು ಸರಿಮಾಡಿಕೊಂಡು ಹೇಳತೊಡಗಿದ. ಒಳ್ಳೆಯ ಮಾತೇನೂ ಅಲ್ಲ, ಬರೀ ದೂರು, ಒಂದರ ಹಿಂದೆ ಒಂದು. ಆದರೆ ಅವನ್ನು ಹೊತ್ತುಕೊಂಡು ಎಲ್ಲಿಗೂ ಹೋಗಬೇಕಾಗಿರಲಿಲ್ಲ ಅವಳಿಗೆ. ನಾಲ್ಕನೆಯದೋ ಐದನೆಯದೋ ದೂರಿನ ಹೊತ್ತಿಗೆ ನಿಜವಾಗಿಯೂ ನಿದ್ದೆ ಬಂತು.